ಒಂಬತ್ತೋ, ಹದಿಮೂರೋ

ಕೊಟ್ರೇಶ ಆಗಲೇ ಇಕ್ಕಳ ಹಾಕಿ ಪಿನ್ನು ಜಗ್ಗಿ ತೆಗೆದಿದ್ದ. ಬೋಟಿನ ಎಂಜಿನ್ನಿನ ಬುಡದಲ್ಲಿ ನೀರು ತಳ್ಳುವ ಹಳೆಯ ಪಂಖಾ ಕಳಚಿ ಕೈಗೆ ಬಂದಿತ್ತು. ಹೊಸದನ್ನು ಏರಿಸಬೇಕು ಎನ್ನುವಷ್ಟರಲ್ಲಿ ತಂಗಿ ಶಾಂಭವಿ ಮೊಣಕಾಲುದ್ದ ನೀರಿಗಿಳಿದು ಬಂದು ಅವನ ಕೈ ಹಿಡಿದಳು.

“ಅದನ್ನ ಹಾಕಬ್ಯಾಡಣ್ಣ.”

ದಂಡೆಯ ಮೇಲೆ, ಬೊಂಬು ಕಟ್ಟಿ ಹೂವಿನಿಂದ ಸಿಂಗರಿಸಿದ ಶವದ ವಿಮಾನದಲ್ಲಿ, ಅವರ ಅಪ್ಪ ಅಂದಪ್ಪ ಹಣೆತುಂಬ ವಿಭೂತಿ ಧರಿಸಿ ನೆಟ್ಟಗೆ ಕುಳಿತಿದ್ದ. ನಿನ್ನೆ ಮಧ್ಯಾಹ್ನ ಉಂಡು ಮಲಗಿದವನು ಮತ್ತೆ ಎದ್ದಿರಲಿಲ್ಲ. ಎಪ್ಪತ್ತೊಂದರ ವಯಸ್ಸಿನವರೆಗೂ ಜನರನ್ನು ಕಾಯಿಸಿ ರಿಪೇರಿ ಮಾಡಿದವನು, ಈಗ ತನ್ನ ಬೋಟಿನ ರಿಪೇರಿ ಮುಗಿಯಲೆಂದು ತಾನೇ ಕಾಯುತ್ತ ಕೂತಹಾಗೆ ಕಾಣುತ್ತಿದ್ದ.

ಬ್ಯಾರೇಜಿನ ಹಿನ್ನೀರು ಬಂದಾಗ ಅವರ ಹೊಲವೆಲ್ಲ ಮುಳುಗಿ, ಹೊಲದ ದಿಬ್ಬವೊಂದು ನೀರಿನ ನಡುವೆ ಉಳಿದಿತ್ತು. ಹೆಂಡತಿ ಶೇಖವ್ವನ ಸಮಾಧಿ ಇದ್ದದ್ದು ಅಲ್ಲಿ. ಅವಳ ಪಕ್ಕದಲ್ಲೇ ತನ್ನನ್ನೂ ಕೂಡಿಸಬೇಕೆಂದು ಅಂದಪ್ಪ ಕೇಳಿದವರಿಗೂ ಕೇಳದವರಿಗೂ ಹೇಳಿಟ್ಟಿದ್ದ. ಕುಣಿ ತೋಡಿ ಆಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡಬೇಕು. ಭಜನೆಯವರೇನೋ ತೆಪ್ಪಗಳಲ್ಲಿ ಹೋಗಿಬಿಟ್ಟರು, ಆದರೆ ವಿಮಾನ ತೆಪ್ಪದಲ್ಲಿ ಹಿಡಿಯುವುದಿಲ್ಲ. ವಿಮಾನ, ಹೊರುವ ಎಂಟು ಮಂದಿ, ಅಯ್ಯನವರು, ಉಪ್ಪಿನ ಚೀಲ, ಇಷ್ಟೂ ಈ ಹಳೆಯ ಬೋಟಿನಲ್ಲೇ ದಾಟಬೇಕು. ಬ್ಯಾರೇಜಿನ ಗೇಟುಗಳು ತೆರೆದಿದ್ದವು. ನಡುಹೊಳೆಯಲ್ಲಿ ಎಂಜಿನ್ ನಿಂತರೆ ಬೋಟು ಹೋಗುವುದು ದಿಬ್ಬಕ್ಕಲ್ಲ, ಗೇಟಿಗೆ.

ಕೊಟ್ರೇಶನ ಕೈಯಲ್ಲಿದ್ದದ್ದು ಥಳಥಳ ಹೊಳೆಯುವ ಸ್ಟೀಲಿನ ಪಂಖಾ. ಅವನೇ ಅಪ್ಪನಿಗೆ ತಂದುಕೊಟ್ಟದ್ದು.

“ಬದುಕಿದ್ದಾಗಂತೂ ಅಂವ ಇದನ್ನ ಒಲ್ಲೆ ಅಂದ. ಇವತ್ತರ ನಾ ತಂದದ್ದರ ಮ್ಯಾಲೆ ಹೋಗ್ಲಿ.”

ಪುಂಡಲೀಕಪ್ಪ ಕಾಕಾ ಅವನ ಮಾತಿಗೆ ತಲೆಯಾಡಿಸಿದ. ಮಗನ ಮನಸ್ಸಿನಂತೆ ಆಗಲಿ, ಹೆಣ್ಣುಮಗಳು ಇಂಥ ಹೊತ್ತಿನಲ್ಲಿ ತಕರಾರು ತೆಗೆಯುವುದು ಚಂದವಲ್ಲ ಎಂದ. ನಾಲ್ಕು ವರ್ಷದಿಂದ ಆ ಬೋಟು ನಡೆಸುತ್ತಿದ್ದವಳು ಆ ಹೆಣ್ಣುಮಗಳೇ ಎಂಬುದು ಕಾಕಾನಿಗೆ ಗೊತ್ತಿರದ ವಿಷಯವೇನಲ್ಲ.

*

ಅಂದಪ್ಪ ಮುಂಡರಗಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಹೊಲದ ಪರಿಹಾರ ಬಂದಾಗ ಊರವರು ಮನೆ ಕಟ್ಟಿಸಿದರು, ಇವನು ಲಿಲಾವಿನಲ್ಲಿ ಸವಾಲು ಕೂಗಿ ಹಳೇ ಮೋಟಾರು ಬೋಟೊಂದನ್ನು ಹಿಡಿದು ಲಾರಿಯ ಮೇಲೆ ಹೇರಿಕೊಂಡು ಬಂದ. ಎರೆಹೊಲದ ನಾಡಿಗೆ ಬೋಟು ಬಂತೆಂದು ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭಾನುವಾರ ಗದಗ, ಲಕ್ಷ್ಮೇಶ್ವರದ ಕಡೆಯಿಂದ ಜನ ಬೋಟು ಹತ್ತಲು ಬರತೊಡಗಿದ ಮೇಲೆ ನಕ್ಕವರೇ ದಂಡೆಯಲ್ಲಿ ಮಿರ್ಚಿ ಬಜಿ ಅಂಗಡಿ ಹಾಕಿದರು.

ಗದಗದಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಕೊಟ್ರೇಶ ಮೂರು ವರ್ಷದ ಹಿಂದೆ ಗೋವಾಕ್ಕೆ ಹೋದವನು ಸ್ಟೀಲಿನ ಪಂಖಾ ತಂದ. ಹಳೆಯದರ ಮೇಲೆ ಒಂಬತ್ತು ಎಂದು ಒತ್ತಿತ್ತು, ಇದರ ಮೇಲೆ ಹದಿಮೂರು. ಒಂದು ಸುತ್ತಿಗೆ ಒಂಬತ್ತಿಂಚು ಸರಿಯುವ ಬೋಟು ಇನ್ನು ಹದಿಮೂರಿಂಚು ಹಾರುತ್ತದೆ ಎಂದು ಅವನು ಎದೆಯುಬ್ಬಿಸಿ ಹೇಳಿದ. ಅಂದಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಆಗಿಂದಾಗಲೇ ಕೂಡಿಸಿದ. ಹತ್ತು ಜನ ಹತ್ತಿದರು. ಎಂಜಿನ್ ಗುರುಗುಟ್ಟಿತು, ಕರಿಹೊಗೆ ಉಗುಳಿತು, ನಡುಹೊಳೆಯಲ್ಲಿ ನಿಂತೇಬಿಟ್ಟಿತು. ತೆಪ್ಪದವರು ಹಗ್ಗ ಕಟ್ಟಿ ಎಳೆದು ತಂದರು. ಪೆಟ್ರೋಲಿನಲ್ಲಿ ಕಸವಿತ್ತೆಂದು ಕೊಟ್ರೇಶ ಅಂದು ಹೇಳಿದ್ದ, ಇವತ್ತಿಗೂ ಹಾಗೇ ಹೇಳುತ್ತಾನೆ.

ಆ ಸಂಜೆ ಅಂದಪ್ಪ ಒಂಬತ್ತನ್ನೇ ಮತ್ತೆ ಹಾಕಿದ. ಯಾಕೆಂದು ಶಾಂಭವಿ ಕೇಳಿದಳು.

“ಜ್ವಾಳದ ಚೀಲ ಹೊತ್ತಾಗ ದೊಡ್ಡ ಹೆಜ್ಜಿ ಇಡಾಕ ಆಕ್ಕೈತೇನವಾ? ಎಂಜಿನ್ನಿಂದೂ ಅಷ್ಟ. ಪಂಖಾದ್ದೇನೂ ತಪ್ಪಿಲ್ಲ, ಹೊರಿ ಹೆಚ್ಚಾತು.”

ಇದನ್ನು ಮಗನಿಗೂ ಹೇಳಬಹುದಿತ್ತು. ಹೇಳಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದ ಮನುಷ್ಯನಿಗೆ ಮಗನ ಮುಖ ಸಣ್ಣಗಾದದ್ದು ಕಂಡರೂ ಏನನ್ನಬೇಕೋ ತಿಳಿಯಲಿಲ್ಲ. ಅಂದಿನಿಂದ ಕೊಟ್ರೇಶ ಹಬ್ಬಕ್ಕೆ ಬಂದರೂ ಉಂಡು ಹೋಗುತ್ತಿದ್ದ, ಹೊಳೆಯ ಕಡೆ ಸುಳಿಯುತ್ತಿರಲಿಲ್ಲ.

*

ಬಿಸಿಲು ಇಳಿಯುತ್ತಿತ್ತು. ಜನ ಕಾಯ್ದು ಬೇಸತ್ತಿದ್ದರು. ಶಾಂಭವಿ ಅಣ್ಣನ ಕೈ ಬಿಡಲಿಲ್ಲ.

“ಅಪ್ಪನ್ನ ಮನಿಂದ ಇಲ್ಲೀತನ ಹೊತ್ತು ಬಂದೆಲ್ಲ, ಹೆಜ್ಜಿ ಹೆಂಗ ಇಟ್ಟಿ?”

ಕೊಟ್ರೇಶ ಅರ್ಥವಾಗದೆ ನೋಡಿದ. ವಿಮಾನದ ಬೊಂಬು ಒತ್ತಿ ಅವನ ಹೆಗಲು ಕೆಂಪಾಗಿತ್ತು.

“ಸಣ್ಣ ಸಣ್ಣವು,” ಎಂದ. “ದೊಡ್ಡ ಹೆಜ್ಜಿ ಎತ್ತಾಕ ಬರಲಿಲ್ಲ.”

“ಎಂಜಿನ್ನಿಗೂ ಬರಂಗಿಲ್ಲ.”

ಅವನು ಸ್ಟೀಲಿನ ಪಂಖಾ ಬೋಟಿನೊಳಗಿಟ್ಟ. ನಟ್ಟು ಬಿಗಿಯುವ ಪಾನಾ ತಂಗಿಯ ಕೈಗಿಟ್ಟು, ಹೋಗಿ ವಿಮಾನಕ್ಕೆ ಹೆಗಲು ಕೊಟ್ಟ. ಶಾಂಭವಿ ಒಂಬತ್ತನ್ನು ಕೂಡಿಸಿ, ಸ್ಟೀಲಿನದನ್ನು ಗೋಣಿತಾಟಿನಲ್ಲಿ ಸುತ್ತಿ ತನ್ನ ಕಾಲ ಬಳಿ ಇಟ್ಟುಕೊಂಡಳು.

ಬೋಟಿನ ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳಿದಿತ್ತು. ಶಾಂಭವಿ ಹೆದರಿಕೆಯಿದ್ದರೂ ಎಂಜಿನ್ನಿನ ಹಿಡಿಕೆ ಹಿಡಿದು ಬೋಟು ಬಿಟ್ಟಳು. ನಡುಹೊಳೆಯ ಸೆಳವು ಬೋಟನ್ನು ಹಿಡಿದು ಜಗ್ಗಿತು. ಎಂಜಿನ್ ಸದ್ದು ಏರಲಿಲ್ಲ, ಇಳಿಯಲಿಲ್ಲ, ಒಂದೇ ಸಮನೆ ದುಡಿಯಿತು. ಬೋಟು ತೆವಳಿಕೊಂಡೇ ದಿಬ್ಬ ಮುಟ್ಟಿತು. ಪುಂಡಲೀಕಪ್ಪ ಕಾಕಾ ಅಷ್ಟು ದೂರವೂ ಅವಳ ಸೆರಗಿನ ತುದಿ ಹಿಡಿದು ಕೂತಿದ್ದ. ಇಳಿಯುವಾಗ ಗೊತ್ತಾಗಿ ಬಿಟ್ಟ.

ಅಂದಪ್ಪನನ್ನು ಹೆಂಡತಿಯ ಪಕ್ಕ ಕೂಡಿಸಿ ಎಲ್ಲರೂ ಮಣ್ಣು ಕೊಟ್ಟರು. ಶಾಂಭವಿ ಹಿರಿಯರನ್ನು ದಂಡೆಗೆ ಮುಟ್ಟಿಸಿ ಮರಳಿ ಬಂದಾಗ ದಿಬ್ಬದ ಮೇಲೆ ಉಳಿದವನು ಅಣ್ಣ ಒಬ್ಬನೇ. ಅವನು ಹೊಸ ಮಣ್ಣಿನ ಸುತ್ತ ಕಲ್ಲು ಜೋಡಿಸಿ ಮುಗಿಸಿದ್ದ.

ಅವಳು ಎಂಜಿನ್ ಎತ್ತಿ ಒಂಬತ್ತನ್ನು ಬಿಚ್ಚಿದಳು. ಗೋಣಿತಾಟು ಬಿಡಿಸಿ ಸ್ಟೀಲಿನ ಪಂಖಾ ಅಣ್ಣನ ಕೈಗೆ ಕೊಟ್ಟಳು.

“ಈಗ ನಿಂದು ಹಾಕು. ಇಬ್ಬರ ಅದೀವಿ.”

ಏರಿಸಲು ಹೋದವನು ಅದನ್ನು ಹೊರಳಿಸಿ ನೋಡಿದ. ಒಳಗಿನ ಹಲ್ಲುಗಳು ಸವೆದಿದ್ದವು. ಒಂದು ಎಸಳಿನ ಅಂಚು ಕಲ್ಲಿಗೆ ತಾಗಿ ಮುಕ್ಕಾಗಿ, ಅರದಿಂದ ಉಜ್ಜಿ ನುಣುಪು ಮಾಡಿದಂತಿತ್ತು. ಒಂದೇ ದಿನ ಓಡಿದ ಪಂಖಾ ಇಷ್ಟು ಸವೆಯುವುದಿಲ್ಲ.

“ಇದನ್ನ ಯಾರು ಓಡಿಸ್ಯಾರ?”

“ಅಪ್ಪ. ಸೋಮವಾರಕ್ಕೊಮ್ಮೆ ಒಬ್ಬನ ಇಲ್ಲಿಗೆ ಬರತಿದ್ದ, ಅವ್ವನ ಕಡೆ. ಒಬ್ಬವಗ ಇದರಂಥಾದ್ದು ಇಲ್ಲ, ನನ್ನ ಮಗಾ ಆರಿಸಿ ತಂದಾನ ಅಂತಿದ್ದ.”

“ನನಗ ಯಾಕ ಹೇಳಲಿಲ್ಲ?”

“ನೀ ಕೇಳತಿ ಅಂತ ಕಾಯತಿದ್ದ. ನೀ ಫೋನಿನಾಗ ಮಳಿ ಬೆಳಿ ಕೇಳಿ ಇಟ್ಟುಬಿಡತಿದ್ದಿ.”

ಬೆಳಗಿನಿಂದ ಗಟ್ಟಿಯಾಗಿದ್ದ ಕೊಟ್ರೇಶ ಆಗ ಅತ್ತ. ಪಂಖಾ ತೊಡೆಯ ಮೇಲಿಟ್ಟುಕೊಂಡು, ಬಾಯಿ ಬಿಟ್ಟು ಅತ್ತ. ಶಾಂಭವಿ ಅವನನ್ನು ಅಳಲು ಬಿಟ್ಟಳು. ಆಮೇಲೆ ಅವನೇ ಅದನ್ನು ಏರಿಸಿ, ಬಿಗಿದು, ಪಿನ್ನು ಹಾಕಿ ಮಡಚಿದ. ಅವಳು ಎಂಜಿನ್ನಿನ ಹಿಡಿಕೆ ಅವನಿಗೆ ಬಿಟ್ಟು ಮುಂದೆ ಹೋಗಿ ಕೂತಳು.

ಹಗ್ಗ ಜಗ್ಗಿದೊಡನೆ ಎಂಜಿನ್ ಹತ್ತಿಕೊಂಡಿತು. ಬೋಟು ನಾಲ್ಕು ಮಾರು ಹೋಗುವುದರೊಳಗೆ ಮೂತಿ ಮೇಲೆತ್ತಿ ನೀರು ಬಿಟ್ಟು ಎದ್ದಿತು. ದಂಡೆಯಲ್ಲಿ ಕಾಲು ತೊಳೆಯುತ್ತಿದ್ದ ಜನ, ಬೋಟು ತಮ್ಮ ಕಡೆ ಬರುತ್ತದೆಂದು ಎದ್ದು ನಿಂತರು. ಅದು ಬರಲಿಲ್ಲ. ಕೊಟ್ರೇಶ ಹಿಡಿಕೆ ತಿರುವಿ, ಅಷ್ಟೇ ವೇಗದಲ್ಲಿ, ದಿಬ್ಬದ ಸುತ್ತ ಒಂದು ಪೂರ್ತಿ ಸುತ್ತು ಹಾಕುತ್ತಿದ್ದ.