ಜೂನ್ ಒಂದರ ಡಬ್ಬಿ

ಮೂವತ್ತೆರಡು ಹುಡುಗಿಯರಿಗೆ ಹುಟ್ಟುಹಬ್ಬದ ಉಡುಗೊರೆ ಕೊಟ್ಟು, ಫೋಟೊ ತೆಗೆಸಿ, ಅರ್ಧ ತಾಸಿನೊಳಗೆ ಎಲ್ಲವನ್ನೂ ವಾಪಸ್ ಪಡೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆರು ವರ್ಷ ಹೀಗೇ ಮಾಡಿದರು.

ಆ ಉಡುಗೊರೆಗಳಲ್ಲಿ ನಾನೊಂದು. ತಗಡಿನ ಕಸೂತಿ ಡಬ್ಬಿ. ಒಂದು ಗೇಣು ಉದ್ದ, ನಾಲ್ಕು ಬೆರಳು ಎತ್ತರ, ಮುಚ್ಚಳದ ಮೇಲೆ ನವಿಲು. ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಹದಿನಾಲ್ಕು ಎಂಬ ನಂಬರು. ಹಾಸ್ಟೆಲಿನ ಹದಿನಾಲ್ಕನೇ ಮಂಚದಲ್ಲಿ ಆ ವರ್ಷ ಯಾವ ಹುಡುಗಿ ಮಲಗುತ್ತಾಳೋ ಅವಳು ನನ್ನ ಒಡತಿ. ಅರ್ಧ ತಾಸಿನ ಒಡತಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಹಂಚಿನ ಮಾಡಿನ ಸಣ್ಣ ಕಾರ್ಖಾನೆಯಲ್ಲಿ. ಕಾಗದದಂತೆ ಚಪ್ಪಟೆಯಾಗಿದ್ದ ನನ್ನನ್ನು ಕತ್ತರಿಸಿ, ಮಡಚಿ, ಮೂಲೆಗಳಿಗೆ ಬೆಸುಗೆ ಹಾಕಿದರು. ನವಿಲು ಬರೆದವಳು ಜೈಬುನ್ನಿಸಾ ಎಂಬ ಹೆಂಗಸು. ದಿನಕ್ಕೆ ಅರವತ್ತು ನವಿಲು ಬರೆಯುತ್ತಿದ್ದಳು. ಮಧ್ಯಾಹ್ನ ದಾಟಿದ ಮೇಲೆ ಅವಳ ಕೈ ಸೋತು ನವಿಲುಗಳ ಕುತ್ತಿಗೆ ಸೊಟ್ಟಗಾಗುತ್ತಿತ್ತು. ನಾನು ಮಧ್ಯಾಹ್ನದ ನಂತರದ ಡಬ್ಬಿ.

ಬರಿಯ ಡಬ್ಬಿಗೆ ಹೊಟ್ಟೆ ತುಂಬಿದ ಮೇಲೆಯೇ ಜೀವ. ನನ್ನೊಳಗೆ ಏಳು ಬಣ್ಣದ ದಾರದ ಲಡಿ ಇಟ್ಟರು, ಕಪ್ಪು ಕಾಗದಕ್ಕೆ ಚುಚ್ಚಿದ ಎರಡು ಸೂಜಿ ಇಟ್ಟರು. ಕಿರುಬೆರಳಿನಷ್ಟೇ ಇದ್ದ ಕತ್ತರಿ, ಬಟ್ಟೆ ಬಿಗಿಯಲು ಮರದ ರಿಂಗು, ನವಿಲಿನ ಗೆರೆ ಅಚ್ಚೊತ್ತಿದ ಒಂದು ತುಂಡು ಬಿಳಿ ಬಟ್ಟೆ. ಎಲ್ಲಕ್ಕಿಂತ ಕೆಳಗೆ ಚಿತ್ರವಿದ್ದ ಸಣ್ಣ ಕತೆಪುಸ್ತಕ, ಪುಟದ ಗುರುತಿಗೆ ಕುಚ್ಚು ಕಟ್ಟಿದ ಕಾಗದದ ಪಟ್ಟಿ. ತುಂಬುತ್ತಿದ್ದ ಹೆಂಗಸು ಪುಸ್ತಕ ತೆರೆದು ಮೊದಲ ಸಾಲು ಓದಿದಳು. ಅಷ್ಟರಲ್ಲಿ ಮೇಸ್ತ್ರಿ ಬಂದ. ಮುಚ್ಚಿಟ್ಟಳು. ನನ್ನ ಪುಸ್ತಕದ ಹಣೆಬರಹ ಅಂದೇ ಶುರುವಾಯಿತು ಎಂದು ಕಾಣುತ್ತದೆ.

ಅಲ್ಲಿಂದ ನಾವು ಮೂವತ್ತೆರಡು ಡಬ್ಬಿಗಳು ಕೊಪ್ಪಳದ ಕಡೆಯ ಒಂದು ಊರಿಗೆ ಬಂದೆವು. ಟ್ರಸ್ಟಿನವರು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್. ಕಳಿಸಿದವರು ಪಟ್ಟಣದ ಒಂದು ದಾನಿಗಳ ಸಂಘದವರು. ಅವರಿಗೆ ಹಾಸ್ಟೆಲಿನ ಹುಡುಗಿಯರ ಪಟ್ಟಿ ಸಿಕ್ಕಿತ್ತಂತೆ. ನೋಡಿದರೆ ಮೂವತ್ತೆರಡು ಮಂದಿಯೂ ಹುಟ್ಟಿದ್ದು ಜೂನ್ ಒಂದರಂದು.

ಇದು ಹೇಗೆ ಎಂದು ಪಟ್ಟಣದವರು ಕೇಳಲಿಲ್ಲ. ಕೇಳಿದ್ದರೆ ಅಡಿಗೆಯ ಫಕೀರವ್ವನೇ ಹೇಳುತ್ತಿದ್ದಳು. ಸಾಲಿಗೆ ಸೇರಿಸುವಾಗ ಮಗಳು ಹುಟ್ಟಿದ್ದು ಯಾವಾಗ ಎಂದು ಹೆಡ್‌ಮಾಸ್ತರರು ಕೇಳುತ್ತಾರೆ. ಶೇಂಗಾ ಕೀಳೂಮುಂದ ಎನ್ನುತ್ತಾಳೆ ಒಬ್ಬಳು ತಾಯಿ. ಹೊಳಿ ಬಂದ ವರ್ಷ ಎನ್ನುತ್ತಾಳೆ ಇನ್ನೊಬ್ಬಳು. ಶೇಂಗಾ ಬರೆಯಲು ರಿಜಿಸ್ಟರಿನಲ್ಲಿ ಜಾಗವಿಲ್ಲ. ಜೂನ್ ಒಂದು ಎಂದು ಬರೆದರೆ ಒಂದನೇ ತರಗತಿಗೆ ವಯಸ್ಸು ಸರಿಯಾಗಿ ಕೂಡುತ್ತದೆ. ಹೀಗೆ ಇಡೀ ಸೀಮೆಯ ಬಡವರ ಮಕ್ಕಳು ಒಂದೇ ದಿನ ಹುಟ್ಟಿಬಿಟ್ಟರು. ಟ್ರಸ್ಟಿನವರಿಗೂ ಅನುಕೂಲವಾಯಿತು. ಒಂದೇ ಬ್ಯಾನರು, ಒಂದೇ ಕೇಕು, ಒಂದೇ ಫೋಟೊ.

ಮೊದಲ ವರ್ಷ ನನ್ನನ್ನು ಹಿಡಿದವಳು ದ್ಯಾಮವ್ವ, ಆರನೇ ತರಗತಿ. ಅವಳು ಮುಚ್ಚಳ ತೆಗೆದು ಮೊದಲು ಮಾಡಿದ್ದು ಮೂಸಿ ನೋಡಿದ್ದು. ಆಮೇಲೆ ಪುಟದ ಗುರುತಿನ ಕುಚ್ಚನ್ನು ಕೆನ್ನೆಗೆ ಸವರಿಕೊಂಡಳು. ದಾರಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು. ನನಗೆ ಅವಳ ಗಲ್ಲದ ಕೆಳಗಿನ ಮಚ್ಚೆ, ಮೂಗಿನ ಹೊಳ್ಳೆ, ಮೇಲೆ ತೂಗುಬಿಟ್ಟ ಬಣ್ಣದ ಕಾಗದ ಕಾಣುತ್ತಿದ್ದವು. ಲೋಕ ಇಷ್ಟು ಚೆಂದ ಇರುತ್ತದೆಯೇ ಎಂದುಕೊಂಡೆ. ಫೋಟೊ ಮುಗಿಯಿತು. ಅತಿಥಿಗಳ ಕಾರು ಹೋಯಿತು. ವಾರ್ಡನ್ ಕಮಲಾಕ್ಷಿ ಅಕ್ಕಾರು ಬಂದು, ಎಲ್ಲರೂ ಡಬ್ಬಿಗಳನ್ನು ಬುಟ್ಟಿಯಲ್ಲಿ ಇಡಬೇಕು ಎಂದರು. ಫಕೀರವ್ವ ರೊಟ್ಟಿ ಬುಟ್ಟಿ ಹಿಡಿದು ಸಾಲಿನ ಮುಂದೆ ನಡೆದು ಬಂದಳು.

"ಮತ್ತ ಯಾವಾಗ ಕೊಡ್ತೀರಿ ಅಕ್ಕಾರ?" ಎಂದು ದ್ಯಾಮವ್ವ ಕೇಳಿದಳು.

"ನೀ ಶ್ಯಾಣ್ಯಾಕಿ ಆದಾಗ."

ದ್ಯಾಮವ್ವ ಆ ವರ್ಷ ತರಗತಿಗೆ ಮೊದಲು ಬಂದಳು. ಮರುವರ್ಷ ಅವಳ ಮಂಚ ಬದಲಾಯಿತು, ನಂಬರು ಬದಲಾಯಿತು. ನಾನು ಬೇರೆ ಹುಡುಗಿಯ ಕೈಗೆ ಹೋದೆ.

ಹುಡುಗಿಯರ ಕೈಗೆ ಕೊಟ್ಟರೆ ಕೆಡಿಸುತ್ತಾರೆ ಎನ್ನುವುದು ಟ್ರಸ್ಟಿನ ಕಾರ್ಯದರ್ಶಿಯ ಮಾತು. ಬರುವ ವರ್ಷದ ಫೋಟೊಕ್ಕೂ ಬೇಕಲ್ಲ ಎನ್ನುವುದು ಅವರು ಗಟ್ಟಿಯಾಗಿ ಆಡದ ಮಾತು. ಬ್ಯಾನರಿನ ಮೇಲೆ ಇಸವಿಯ ಕೊನೆಯ ಅಂಕಿಗೆ ಪ್ರತಿವರ್ಷ ಹೊಸ ಕಾಗದ ಅಂಟಿಸುತ್ತಿದ್ದರು. ಸಂಘದವರು ಆಮೇಲೂ ಏನಾದರೂ ಕಳಿಸಿದರೋ, ಕಳಿಸಿದ್ದು ಯಾರ ಮನೆ ಸೇರಿತೋ, ಬೀರುವಿನೊಳಗೆ ಕೂತ ನನಗೆ ಹೇಗೆ ತಿಳಿಯಬೇಕು?

ಬೀರುವಿನ ಬದುಕು ಕೇಳಬೇಡಿ. ಕತ್ತಲು, ಡಾಂಬರು ಗುಳಿಗೆಯ ವಾಸನೆ, ಪಕ್ಕದಲ್ಲಿ ನನ್ನಂಥವೇ ಮೂವತ್ತೊಂದು. ನಾವು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಏನು ಹೇಳುವುದು? ಎಲ್ಲರ ಹೊಟ್ಟೆಯಲ್ಲೂ ಅದೇ ಏಳು ದಾರ, ಅದೇ ಕತೆ. ಹೊರಗಿನ ಸದ್ದು ಮಾತ್ರ ತಗಡಿಗೆ ತಾಗುತ್ತಿತ್ತು. ಬೆಳಗಿನ ಪ್ರಾರ್ಥನೆ, ತಾಟುಗಳ ಗಲಾಟೆ, ಜ್ವರ ಬಂದವಳು ಅವ್ವನನ್ನು ಕರೆಯುವುದು. ಒಂದು ದಿನ ಬೀರುವಿನ ಬಾಗಿಲಿಗೇ ಬೆನ್ನು ಕೊಟ್ಟು ಒಬ್ಬಳು ಹುಡುಗಿ ನಿಂತಿದ್ದಳು. ಅವಳ ಜಂಪರಿನ ಬಗಲು ಹರಿದಿತ್ತು. ಸಾಲಿಗೆ ಹೊತ್ತಾಗಿತ್ತು. ಸೂಜಿ ದಾರ ಐತೇನವಾ ಎಂದು ಎಲ್ಲರನ್ನೂ ಕೇಳಿದಳು. ಯಾರ ಬಳಿಯೂ ಇರಲಿಲ್ಲ. ಕಡೆಗೆ ತೋಳನ್ನು ಮೈಗೆ ಒತ್ತಿಕೊಂಡು, ಆ ಕೈಯಲ್ಲೇ ಚೀಲ ಹಿಡಿದು ಹೋದಳು. ಅವಳ ಬೆನ್ನಿಗೂ ನಮಗೂ ನಡುವೆ ಒಂದು ತಗಡಿನ ಬಾಗಿಲು. ಈಚೆಗೆ ಅರವತ್ತನಾಲ್ಕು ಸೂಜಿ.

ದಾನ ಎಂದರೆ ಇದೇ ಎಂದು ನನಗೆ ಆಗ ಅರ್ಥವಾಯಿತು. ಇದ್ದೂ ಇಲ್ಲದ್ದನ್ನು ತೋರಿಸಿ ಕೈಮುಗಿಸಿಕೊಳ್ಳುವುದು.

ನನ್ನ ಪುಸ್ತಕದ ಸಂಕಟ ಬೇರೆಯೇ ಇತ್ತು. ಅದು ಚಿನ್ನಿ ಎಂಬ ಹುಡುಗಿಯ ಕತೆ. ಅವಳ ಆಡಿನ ಮರಿ ಕಳೆದಿದೆ. ಹುಡುಕಿಕೊಂಡು ಹೊರಟಿದ್ದಾಳೆ. ಕೈಗೆ ಸಿಕ್ಕ ಅರ್ಧ ತಾಸಿನಲ್ಲಿ ಹುಡುಗಿಯರು ದಾರ ಮುಟ್ಟಿ, ಕತ್ತರಿ ಆಡಿಸಿ, ಆಮೇಲೆ ಪುಸ್ತಕ ತೆರೆಯುತ್ತಿದ್ದರು. ಏಳನೇ ಪುಟಕ್ಕೆ ಬರುವಷ್ಟರಲ್ಲಿ ರೊಟ್ಟಿ ಬುಟ್ಟಿ ಬಂದುಬಿಡುತ್ತಿತ್ತು. ಬರುವ ವರ್ಷ ಹೊಸ ಹುಡುಗಿ, ಮತ್ತೆ ಮೊದಲ ಪುಟದಿಂದ. ಏಳನೇ ಪುಟದಲ್ಲಿ ಚಿನ್ನಿ ಬಾವಿಯ ಕಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದಳು. ಆರು ವರ್ಷ ಬಗ್ಗಿಯೇ ಇದ್ದಳು. ಮರಿ ಬಾವಿಗೆ ಬಿದ್ದಿದೆಯೋ ಏನೋ ಎಂದು ಕತ್ತಲಲ್ಲಿ ಕೂತು ನಾನು ದುಃಖಪಡುತ್ತಿದ್ದೆ.

ನಾಲ್ಕನೇ ವರ್ಷ ಒಂದು ಮಧ್ಯಾಹ್ನ, ಹುಡುಗಿಯರೆಲ್ಲ ಸಾಲಿಗೆ ಹೋಗಿದ್ದಾಗ, ಕಮಲಾಕ್ಷಿ ಅಕ್ಕಾರು ಬೀರು ತೆರೆದರು. ಗುಳಿಗೆ ಬದಲಿಸಲು ಬಂದವರು ನನ್ನನ್ನು ಎತ್ತಿಕೊಂಡು ನೆಲದ ಮೇಲೆ ಕೂತರು. ಅವರೂ ಇಂಥದೇ ಒಂದು ಹಾಸ್ಟೆಲಿನಲ್ಲಿ ಓದಿದವರು. ಅವರ ದಾಖಲೆಯಲ್ಲೂ ಜೂನ್ ಒಂದು. ಅವರು ಸೂಜಿಗೆ ಹಸಿರು ದಾರ ಪೋಣಿಸಿದರು. ಬಟ್ಟೆಯ ಮೇಲಿನ ನವಿಲಿನ ಗೆರೆಗೆ ಸೂಜಿ ಮುಟ್ಟಿಸಿದರು. ಚುಚ್ಚಲಿಲ್ಲ. ದಾರ ಎಳೆದು ತೆಗೆದು, ಮೊದಲಿನಂತೆಯೇ ಸುತ್ತಿ, ಮುಚ್ಚಳ ಹಾಕಿದರು. ಬೀಗದ ಕೈ ಸೊಂಟದಲ್ಲಿರುವವಳು ಒಂದು ಹೊಲಿಗೆ ಹಾಕಲು ಯಾರ ಅಪ್ಪಣೆಗೆ ಕಾಯುತ್ತಿದ್ದಳೋ. ನನಗೆ ಅವರ ಮೇಲೆ ಸಿಟ್ಟೂ ಬಂತು, ಕರುಳೂ ಚುರ್ ಎಂದಿತು.

ಏಳನೇ ವರ್ಷಕ್ಕೆ ನಾನು ಮುದುಕಿ. ಬಿಜಾಗರಿಗೆ ತುಕ್ಕು ಬಂದಿತ್ತು. ಕತ್ತರಿ ಬಾಯಿ ಬಿಡುತ್ತಿರಲಿಲ್ಲ. ಲಡಿಗಳ ಮೇಲ್ಮೈ ಬಣ್ಣಗೆಟ್ಟಿತ್ತು. ಬಳಸಿ ಸವೆದರೆ ಅದು ಮುಪ್ಪು. ಬಳಸದೆ ಸವೆದರೆ ಅದಕ್ಕೆ ಏನು ಹೆಸರು?

ಆ ಜೂನ್ ಒಂದರ ಹೊತ್ತಿಗೆ ಹದಿನಾಲ್ಕನೇ ಮಂಚಕ್ಕೆ ಬಂದಿದ್ದವಳು ಹುಲಿಗೆವ್ವ. ಒಂಬತ್ತನೇ ತರಗತಿ, ಹಾಸ್ಟೆಲಿಗೆ ಹೊಸಬಳು. ಅವಳ ಊರಿನಲ್ಲಿ ಏಳನೆಯದರ ಮೇಲೆ ಸಾಲಿ ಇಲ್ಲ. ಎಂಟನೆಯದನ್ನು ದಿನಾ ಎರಡು ಹರಿದಾರಿ ನಡೆದು ಮುಗಿಸಿದ್ದಳು. ಅವಳ ಅಕ್ಕ ಹಾಗೆ ನಡೆಯಲಾರದೆ ಬಿಟ್ಟವಳು, ಆ ವರ್ಷವೇ ಮದುವೆಯಾಗಿ ಹೋಗಿದ್ದಳು. ಈ ಮಂಚ ತಪ್ಪಿದರೆ ಹುಲಿಗೆವ್ವನ ಗತಿಯೂ ಅದೇ ಎಂದು ಇಡೀ ಹಾಸ್ಟೆಲಿಗೆ ಗೊತ್ತಿತ್ತು.

ಹತ್ತು ಗಂಟೆಗೆ ನಮ್ಮನ್ನು ಹಂಚಿ ಸಾಲಾಗಿ ಕೂರಿಸಿದರು. ಮುಖ್ಯ ಅತಿಥಿಯ ಕಾರು ದಾರಿಯಲ್ಲಿ ಕೆಟ್ಟಿತು. ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕಾರು ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಹುಲಿಗೆವ್ವ ಪುಸ್ತಕ ತೆಗೆದು ಅಕ್ಕಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ ಓದತೊಡಗಿದಳು. ಏಳನೇ ಪುಟ ಬಂತು. ದಾಟಿತು. ನನ್ನ ತಗಡು ಸಣ್ಣಗೆ ನಡುಗಿತು. ಬಾವಿಯಲ್ಲಿ ಮರಿ ಇರಲಿಲ್ಲ. ಹೊಳೆಯ ದಂಡೆಯಲ್ಲಿ ಇರಲಿಲ್ಲ. ಕಡೆಯ ಪುಟದಲ್ಲಿ ಚಿನ್ನಿ ಅಳುತ್ತ ಮನೆಗೆ ಬಂದರೆ, ಮರಿ ಅವರದೇ ಹಿತ್ತಲಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

"ಊರೆಲ್ಲಾ ಹುಡುಕಾಕ ಹಚ್ಚಿ, ಹಿತ್ತಲದಾಗ ಕುಂತಿತ್ತಂತ ನೋಡವಾ," ಎಂದಳು ಪಕ್ಕದ ಸಾವಕ್ಕ. ಸಾಲಿಗೆ ಸಾಲೇ ನಕ್ಕಿತು. ಆರು ವರ್ಷದ ನನ್ನ ದುಃಖ ಹೀಗೆ ನಗೆಪಾಟಲಾಯಿತು. ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಆಮೇಲೆ ಅವಳು ಸೂಜಿ ತೆಗೆದಳು. ತುಕ್ಕು ಹಿಡಿದಿತ್ತು. ಅದನ್ನು ತನ್ನ ಎಣ್ಣೆ ಹಚ್ಚಿದ ತಲೆಯಲ್ಲಿ ನಾಲ್ಕು ಸಲ ಆಡಿಸಿದಳು. ನುಣುಪಾಯಿತು. ಕೆಂಪು ಲಡಿಯ ಹೊರಗಿನ ಬಿಳಚಿದ ಸುತ್ತು ಬಿಚ್ಚಿದರೆ ಒಳಗೆ ಕುಂಕುಮದಂಥ ದಾರ ಹಾಗೇ ಇತ್ತು. ಬಟ್ಟೆಯನ್ನು ರಿಂಗಿಗೆ ಬಿಗಿದಳು. ಅಚ್ಚಿನ ನವಿಲನ್ನು ಬಿಟ್ಟು, ಅದರ ಪಕ್ಕದ ಖಾಲಿ ಜಾಗದಲ್ಲಿ ಹೊಲಿಯತೊಡಗಿದಳು. ಅವಳ ಅಜ್ಜಿಯ ಕೈಯ ಕಸೂತಿ. ಗಂಟು ಹಾಕುವುದಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು.

"ಅದು ವಾಪಸ್ ಕೊಡೋದೈತಿ ಹುಡುಗಿ. ಸುಮ್ನ ಯಾಕ ಕಣ್ಣು ಕಳಕೊಳ್ತಿ?" ಎಂದಳು ಸಾವಕ್ಕ.

"ಕೊಟ್ಟಾರಲ್ಲ?"

"ಕೊಟ್ಟಾರ ಅಂದ್ರ ಕೊಟ್ಟಂಗಲ್ಲ. ನಾ ಇಲ್ಲಿ ಬಂದು ಮೂರು ವರ್ಷ ಆತು, ನನಗ ಕೇಳು."

ಹುಲಿಗೆವ್ವ ಮುಂದಿನ ಹೊಲಿಗೆ ಹಾಕಿದಳು. ಒಂದೂವರೆಗೆ ಅತಿಥಿ ಬಂದರು. ಭಾಷಣದಲ್ಲಿ, ಮೂವತ್ತೆರಡು ಹೆಣ್ಣುಮಕ್ಕಳು ಒಂದೇ ದಿನ ಹುಟ್ಟಿ ಒಂದೇ ಸೂರಿನಡಿ ಸೇರಿರುವುದು ಎಂಥ ಯೋಗಾಯೋಗ ಎಂದು ಕಣ್ಣೊರೆಸಿಕೊಂಡರು. ಫಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾರ್ಯದರ್ಶಿ ಮೈಕು ಹಿಡಿದು, ಈ ಉಡುಗೊರೆ ಇಂದಿನಿಂದ ನಿಮ್ಮದು ಎಂದರು. ಫೋಟೊ ಆಯಿತು. ಕಾರು ಹೋಯಿತು. ಬುಟ್ಟಿ ಬಂತು.

ಒಂದೊಂದೇ ಡಬ್ಬಿ ಬುಟ್ಟಿಗೆ ಬಿತ್ತು. ಹುಲಿಗೆವ್ವನ ಮುಂದೆ ಫಕೀರವ್ವ ನಿಂತಳು, ನಿಂತೇ ಇದ್ದಳು. ಅಕ್ಕಾರು ಬಂದು ರಿಂಗು ಕಸಿದು ನೋಡಿದರು. ಬಿಳಿ ಬಟ್ಟೆಯ ಮೇಲೆ ಕೆಂಪಗೆ ಹುಲಿಗೆವ್ವ ಎಂದಿತ್ತು. ಅದರ ಕೆಳಗೆ ಶೀಗಿ ಹುಣ್ಣಿವಿ ಎಂದಿತ್ತು. ಅವಳ ಅವ್ವ ಹೇಳಿದ ಹುಟ್ಟಿದ ದಿನ. ಕೊನೆಯ ಅಕ್ಷರಕ್ಕೆ ಇನ್ನೂ ಸೂಜಿ ತೂಗುತ್ತಿತ್ತು.

"ಹೆಸರು ಹೊಲದ್ರ ಬರೋ ವರ್ಷ ಇದನ್ನ ಯಾರ ಕೈಯಾಗ ಕೊಡೋದು? ಬಿಚ್ಚು," ಎಂದರು ಅಕ್ಕಾರು.

ಬಾಗಿಲಲ್ಲಿ ನಿಂತ ಕಾರ್ಯದರ್ಶಿ, ಬಿಚ್ಚದಿದ್ದರೆ ಟ್ರಂಕು ಕಟ್ಟಲು ಹೇಳಿ, ಸಂಜೆಯ ಬಸ್ಸಿಗೆ ಊರಿಗೆ ಕಳಿಸಿ ಎಂದರು. ಅಕ್ಕಾರು ಒಮ್ಮೆ ಅವರ ಕಡೆ ನೋಡಿ, ರಿಂಗನ್ನು ಹುಲಿಗೆವ್ವನ ಕೈಗೇ ಮರಳಿಸಿ, ಅವಳ ಎದುರು ಕುಕ್ಕುರುಗಾಲಲ್ಲಿ ಕೂತರು. ದನಿ ಇಳಿದಿತ್ತು.

"ಬಿಚ್ಚವಾ. ಗಂಟು ಹಾಕಿಲ್ಲ, ಎಳದ್ರ ಒಂದು ನಿಮಿಷದಾಗ ಬರತೈತಿ. ಸಾಲಿ ದೊಡ್ಡದೋ, ಒಂದು ಗೇಣು ದಾರ ದೊಡ್ಡದೋ, ನೀನಾ ಹೇಳು."

ನನ್ನ ತೆರೆದ ಬಾಯಿ ಅವಳ ತೊಡೆಯ ಮೇಲಿತ್ತು. ಬಿಚ್ಚಿಬಿಡು ಮಗಳೇ ಎಂದು ಒಳಗೆ ಅಂದುಕೊಂಡೆ. ನಾನು ಕತ್ತಲಿಗೆ ಒಗ್ಗಿದವಳು, ನಿನಗೆ ಸಾಲಿ ಇರಲಿ ಎಂದುಕೊಂಡೆ. ಆರು ವರ್ಷದ ಬೀಗ ಕಲಿಸಿದ ಬುದ್ಧಿ ಅದು. ಅವಳಿಗೆ ಆ ಬುದ್ಧಿ ಇರಲಿಲ್ಲ. ತೂಗುತ್ತಿದ್ದ ಸೂಜಿ ಹಿಡಿದು ಉಳಿದಿದ್ದ ಎರಡು ಹೊಲಿಗೆ ಹಾಕಿದಳು. ಕತ್ತರಿ ಬಾಯಿ ಬಿಡಲಿಲ್ಲ. ದಾರವನ್ನು ಹಲ್ಲಿನಲ್ಲೇ ಕಡಿದಳು.

"ನಂದು ಅಂತ ಮೈಕಿನ್ಯಾಗ ಹೇಳ್ಯಾರ, ಎಲ್ಲಾರೂ ಕೇಳ್ಯಾರ. ನಾ ಬಿಚ್ಚಂಗಿಲ್ರೀ ಅಕ್ಕಾರ."