ಕದ ಕಾಯುವ ಹನ್ನೆರಡು ಮಂದಿ

"ಗ್ವಾಡಿಗೆ ಬಣ್ಣ ಬಳಿಯೋ ಮಗನ, ನಿನಗ್ಯಾಕಲೇ ಈ ಆಟ? ಪುಸ್ತಕದ ಮ್ಯಾಲಿನ ಹೆಸರರ ಓದಾಕ ಬರ್ತೈತೇನು?"

ಕ್ಲಬ್ಬಿನ ಹಳೆಯ ಆಟಗಾರ ತರುಣ ಇದನ್ನು ಎರಡು ಸಲ ಹೇಳಿದ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೊಮ್ಮೆ, ಚನ್ನುವಿಗೆ ನಾಟಲೆಂದು ಕನ್ನಡದಲ್ಲೊಮ್ಮೆ. ನಾರಾಯಣಗೂಡದ ಕೋಚಿಂಗ್ ಸೆಂಟರಿನ ಮೇಲಿನ ಆಟದ ಕ್ಲಬ್ಬಿನ ಕೋಣೆಯಲ್ಲಿ ಮೇಜಿನ ಸುತ್ತ ನಿಂತವರೆಲ್ಲ ನಕ್ಕರು.

ಚನ್ನುವಿನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಏಳನೇ ಇಯತ್ತೆಯಲ್ಲಿ ಮಾಸ್ತರರ ಬೆತ್ತ ಕಸಿದು ಮುರಿದು ಸಾಲೆ ಬಿಟ್ಟದ್ದು ಈ ಕೈಯಿಂದಲೇ. ಮಿಯಾಪುರದಲ್ಲಿ ಕಟ್ಟಡ ಕಟ್ಟುವ ಎರಡು ಸೈಟುಗಳಲ್ಲಿ ಬಣ್ಣದ ಕೆಲಸ ಹೋದದ್ದೂ ಇದರಿಂದಲೇ. ಆದರೆ ಎಡಗೈಯಲ್ಲಿ ಬೂಟಿನ ಡಬ್ಬಿ ಇತ್ತು, ಅದರೊಳಗೆ ಬೆರಳುದ್ದದ ಹನ್ನೆರಡು ಪ್ಲಾಸ್ಟಿಕ್ ಸೈನಿಕರಿದ್ದರು. ಡಬ್ಬಿ ಅಲುಗುವಂತಿರಲಿಲ್ಲ.

ಸೂರ್ಯರೆಲ್ಲ ಆರಿಹೋದ ಕಾಲ್ಪನಿಕ ಲೋಕದ, ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಆಡುವ ಯುದ್ಧದಾಟ ಅದು. ಕ್ಲಬ್ಬಿಗೊಂದು ಕಟ್ಟಳೆ ಇತ್ತು. ಹೊಸ ಪಡೆ ತಂದವನು ಮೊದಲು ಅದರ ಕತೆ ಹೇಳಬೇಕು. ಉಳಿದವರ ಪ್ರಶ್ನೆಗಳೆದುರು ಕತೆ ಗಟ್ಟಿಯಾಗಿ ನಿಂತರೆ ಗೋಡೆಯ ಮೇಲಿನ ನಕಾಶೆಯಲ್ಲಿ ಪಡೆಗೆ ಜಾಗ. ಬಿದ್ದರೆ ಡಬ್ಬಿ ಮುಚ್ಚಿಕೊಂಡು ಮನೆಗೆ.

ಈ ಕತೆ ಅವನಿಗೆ ಸಿಕ್ಕದ್ದು ಕಾಚಿಗೂಡದ ಒಂದು ಮನೆಯಲ್ಲಿ, ಗೋಡೆ ಒಣಗುವ ಹೊತ್ತಿನಲ್ಲಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಸ್ನೇಹಲತಾ ಕಾಲು ಮುರಿದುಕೊಂಡು ಮನೆಯಲ್ಲಿದ್ದಳು. ಪರವೂರು ಸೇರಿದ್ದ ತಮ್ಮನ, ಇದೇ ಆಟದ ದಪ್ಪ ಪುಸ್ತಕವೊಂದು ಕಪಾಟಿನಿಂದ ಇಳಿದು ಮೂಲೆಯಲ್ಲಿ ಬಿದ್ದಿತ್ತು. ಚನ್ನು ಬ್ರಷ್ ಕೆಳಗಿಟ್ಟು ಅದರ ಚಿತ್ರವೊಂದನ್ನು ನೋಡುತ್ತ ನಿಂತಿದ್ದ.

"ಇವರು ಯಾರ್ರಿ ಅಕ್ಕಾರ? ಮಾರಿ ಹಿಂಗ್ಯಾಕ ಹಾಕ್ಯಾರ?"

"ಕುಂದ್ರು, ಓದಿ ಹೇಳ್ತೀನಿ."

ಹೊರಡು, ಎತ್ತು, ಲಗೂ ಮುಗಸು ಅಂದವರು ಊರ ತುಂಬ ಇದ್ದರು. ಕುಂದ್ರು ಅಂದವಳು ಆಕೆಯೊಬ್ಬಳೇ. ಇಂಗ್ಲಿಷಿನಲ್ಲಿ ಒಂದು ಸಾಲು ಓದುವಳು, ಕನ್ನಡದಲ್ಲಿ ಹತ್ತು ಸಾಲು ಹೇಳುವಳು. ಎರಡನೇ ಕೋಟ್ ಒಣಗಿದಾಗ ಪುಸ್ತಕ ಇನ್ನೂ ಅರ್ಧ ಉಳಿದಿತ್ತು.

"ಇನ್ನೊಂದು ಕೋಟ್ ಬೇಕಾಗ್ತೈತ್ರಿ ಅಕ್ಕಾರ," ಎಂದ ಚನ್ನು, ತಲೆ ಎತ್ತದೆ.

ಆಕೆ ಗೋಡೆ ನೋಡಿದಳು, ಇವನನ್ನು ನೋಡಿದಳು. "ಎರಡು ಹೊಡಿ. ಪುಸ್ತಕ ಭಾಳ ದಪ್ಪ ಐತಿ."

ಕೊನೆಯ ದಿನ ತಮ್ಮ ಬಿಟ್ಟುಹೋದ ಸೈನಿಕರನ್ನೂ ಕೊಟ್ಟಳು. "ಬಣ್ಣ ಇಲ್ದ ಬಿದ್ದಾವ. ನಿನ್ನ ಕೈಯಾಗ ಜೀವ ಬರ್ಲಿ."

ಈಗ ಚನ್ನು ಆ ಹನ್ನೆರಡು ಮಂದಿಯನ್ನು ಒಬ್ಬೊಬ್ಬರಾಗಿ ಮೇಜಿನ ಮೇಲೆ ನಿಲ್ಲಿಸಿ, ಸೈಟಿನಲ್ಲಿ ಕಲಿತ ಹಿಂದಿಯಲ್ಲಿ ಕತೆ ಶುರು ಮಾಡಿದ. ಲೋಕದ ಅಂಚಿನಲ್ಲಿ ಒಂದು ಕದ. ಸತ್ತ ಕಾಡಿನ ಕೊನೆಯ ಮರ ಕಡಿದು ಮಾಡಿದ್ದು. ಆಚೆ ಕತ್ತಲೆ, ಈಚೆ ಇವರು. ಕತ್ತಲೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತದೆ, ಹೀಯಾಳಿಸುತ್ತದೆ, ತಾಯಿಯ ದನಿಯಲ್ಲಿ ಅಳುತ್ತದೆ. ಒಬ್ಬ ಓಗೊಟ್ಟರೂ ಕದ ತೆರೆದುಕೊಳ್ಳುತ್ತದೆ. ಒಂಬೈನೂರು ವರ್ಷಗಳಿಂದ ಯಾರೂ ಓಗೊಟ್ಟಿಲ್ಲ.

ಸುತ್ತ ನಿಂತವರು ಮೇಜಿನತ್ತ ಬಾಗಿದರು. ತರುಣ ಒಬ್ಬ ಸೈನಿಕನನ್ನು ಎತ್ತಿ ತಲೆಕೆಳಗು ಮಾಡಿದ. "ನೋಡ್ರಿ, ಅಡಿಗೂ ಬಣ್ಣ ಬಳದಾನ! ಯಾರು ನೋಡ್ತಾರಲೇ ಅಲ್ಲಿ?"

ಮತ್ತೆ ನಗು. ಕ್ಲಬ್ ನಡೆಸುವ ಬೀದರದ ವಿಜಯಕುಮಾರ ನಗಲಿಲ್ಲ. "ಒಂಬೈನೂರು ವರ್ಷ ಅಂದಿ. ಕಟ್ಟಿಗಿ ಕದ ಹೆಂಗ ಉಳೀತಪ್ಪಾ? ಪುಸ್ತಕದಾಗ ಅದನ್ನ ಬರದಿಲ್ಲ."

ಚನ್ನುವಿಗೆ ಹುಸೇನಪ್ಪ ಮೇಸ್ತ್ರಿಯ ಏಟು ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರ ಬಾಗಿಲ ನೆತ್ತಿಯ ಮೇಲಂಚು ಬಿಟ್ಟು ಬಳಿದಿದ್ದಕ್ಕೆ ಬೆನ್ನಿಗೆ ಬಿದ್ದದ್ದು. ಆಗ ಉರಿದುಬಿದ್ದಿದ್ದ. ಇಂದು ಮುದುಕನ ಕಾಲು ಹಿಡಿಯಬೇಕೆನ್ನಿಸಿತು.

"ಕಾಣೋ ಕಡೆ ಎಲ್ಲಾರೂ ಬಳೀತಾರ್ರೀ ಅಣ್ಣಾರ. ನೆತ್ತಿ, ಬುಡ ಬಿಟ್ಟಬಿಡ್ತಾರ. ಅಲ್ಲೇ ನೀರು ಕುಡದು ಕದ ಉಬ್ಬತೈತಿ. ಈ ಹನ್ನೆರಡು ಮಂದ್ಯಾಗ ಒಬ್ಬಾಂವ ಪೇಂಟರ್ ಇದ್ದ. ವರ್ಷಕ್ಕೊಮ್ಮಿ ನೆತ್ತಿಗೂ ಬುಡಕ್ಕೂ ಬಳದ. ಯಾರೂ ನೋಡಲಿಲ್ಲ. ಕದ ಉಳೀತು."

ವಿಜಯಕುಮಾರ ಅದನ್ನು ಹಿಂದಿಯಲ್ಲಿ ಎಲ್ಲರಿಗೂ ಹೇಳಿದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ನಕಾಶೆಯ ಅಂಚಿನಲ್ಲಿ ಪುಟ್ಟದೊಂದು ಬಾಗಿಲು ಬರೆದ.

ಚನ್ನು ಆ ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡಿದ. ಸೈನಿಕರನ್ನು ಮತ್ತೆ ಡಬ್ಬಿಯಲ್ಲಿ ಮಲಗಿಸಿದ. ಬೆಳಕಿರುವಾಗಲೇ ಕಾಚಿಗೂಡ ಮುಟ್ಟಬೇಕು, ಅಕ್ಕನಿಗೆ ಹೇಳಬೇಕು.

"ಏ, ಎಲ್ಲಿಗೆ ಹೊಂಟಿ?" ತರುಣನ ದನಿ ಏರಿತು. "ಒಂದು ಸಾಲು ಓದಿ ತೋರಿಸಿ ಹೋಗು! ಸಾಲಿ ಬಿಟ್ಟ ಮಗನ, ನಿನಗ ಹೇಳಾಕತ್ತೀನಿ! ಲೇ ಚನ್ಯಾ!"

ಯಾರೂ ನಗಲಿಲ್ಲ. ಓಗೊಡುತ್ತಾನೇನೋ ಎಂದು ಎಲ್ಲರ ಕಣ್ಣೂ ಚನ್ನುವಿನ ತುಟಿಯ ಮೇಲಿತ್ತು.

ಹೊಸ್ತಿಲಲ್ಲಿ ಅವನು ತುದಿಗಾಲ ಮೇಲೆ ನಿಂತು ಬಾಗಿಲ ನೆತ್ತಿಯ ಮೇಲೆ ಬೆರಳಾಡಿಸಿದ. ಬರೀ ಕಟ್ಟಿಗೆ, ಬಣ್ಣವೇ ಬಿದ್ದಿರಲಿಲ್ಲ. ಬರುವ ಭಾನುವಾರ ಬ್ರಷ್ ತರಬೇಕು ಅಂದುಕೊಂಡ. ಹಿಂದಿನಿಂದ ಹೆಸರು ಇನ್ನೊಮ್ಮೆ ಕೇಳಿಬಂತು. ಡಬ್ಬಿಯನ್ನು ಎದೆಗೊತ್ತಿಕೊಂಡು ಚನ್ನು ಮೆಟ್ಟಿಲಿಳಿಯುತ್ತ ಹೋದ.