ವಿಜಯ್ ಕುಮಾರ್ ನೋಡದ ಹಕ್ಕಿಗಳು

ಸುಮಾ ಶಾಲೆಯ ಮಕ್ಕಳ ಜೊತೆ ಪ್ರವಾಸಕ್ಕೆ ಹೊರಟ ಬೆಳಿಗ್ಗೆ, ಅವರ ಬಸ್ಸು ಊರು ದಾಟಿರಬಹುದು ಎನ್ನಿಸಿದ ಮೇಲೆ, ವಿಜಯ್ ಕುಮಾರ್ ಮಂಚದ ಕೆಳಗೆ ಬಚ್ಚಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರಗೆಳೆದ. ಮದರ್‌ಬೋರ್ಡು, ಪ್ರೊಸೆಸರ್, ಫ್ಯಾನು, ಕಪ್ಪು ಬಣ್ಣದ ದೊಡ್ಡ ಕ್ಯಾಬಿನೆಟ್ಟು. ಹೆಂಡತಿ ವಾಪಸು ಬರುವುದರೊಳಗೆ ಹೊಸ ಕಂಪ್ಯೂಟರನ್ನು ತಾನೇ ಜೋಡಿಸಿ, ಅವಳ ಮೇಜಿನ ಮೇಲೆ ಇಟ್ಟುಬಿಡಬೇಕು ಎನ್ನುವುದು ಅವನ ಆಸೆ.

ಅವನು ಯಶವಂತಪುರದ ಹತ್ತಿರ ಒಂದು ಪಂಪ್ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿದ್ದವನು. ಕಾರ್ಖಾನೆ ಊರ ಹೊರಗೆ ಹೋದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲೇ ಉಳಿದಿದ್ದ. ಮಿಕ್ಸಿ, ಮೋಟಾರು, ಪಕ್ಕದ ಮನೆಯವರ ಗೀಸರು, ಯಾವುದನ್ನೂ ಅಂಗಡಿಗೆ ಕೊಡದೆ ತಾನೇ ರಿಪೇರಿ ಮಾಡಿ ಅಭ್ಯಾಸ. ಮನೆಯಲ್ಲಿರತೊಡಗಿದ ಮೇಲೆ ಅವನು ಮೊದಲ ಬಾರಿಗೆ ಸುಮಾಳ ಸಂಜೆಗಳನ್ನು ಕಂಡಿದ್ದ. ಅವಳು ಶಾಲೆಯಿಂದ ಬಂದು ಹಳೆಯ ಕಂಪ್ಯೂಟರಿನ ಗುಂಡಿ ಒತ್ತುವಳು. ಅದು ಏಳುವಷ್ಟರಲ್ಲಿ ಕಾಫಿಗೆ ಹಾಲು ಕಾಯಿಸಿ, ಕುಡಿದು, ಲೋಟ ತೊಳೆದಿಟ್ಟು ಬರುವಳು. ಆಮೇಲೂ ಒಂದು ಚಿತ್ರ ತೆರೆಯಬೇಕಾದರೆ ಗಲ್ಲಕ್ಕೆ ಕೈಕೊಟ್ಟು ಕಾಯುತ್ತ ಕೂರುವಳು. ಒಂದು ದಿನವೂ ಗೊಣಗಿದ್ದನ್ನು ಅವನು ಕೇಳಿರಲಿಲ್ಲ.

ಚಿತ್ರಗಳೆಂದರೆ ಹಕ್ಕಿಗಳದು. ಸುಮಾ ಜೀವಶಾಸ್ತ್ರದ ಟೀಚರು. ಪುಟ್ಟೇನಹಳ್ಳಿಗೆ ಮನೆ ಬದಲಾಯಿಸಿದ ಹೊಸದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡವಳು, ಅಂದಿನಿಂದ ಬೆಳಗಿನ ಹೊತ್ತು ಶಾಲೆಗೆ ಮುಂಚೆ ಕೆರೆ ಕಡೆ ಹೋಗಿಬರುವುದನ್ನು ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ ಕೆಸರು ಮೆತ್ತಿಕೊಂಡು ಬರುವಳು. "ಬಂದ್ರಪ್ಪ ಪಕ್ಷಿ ಮೇಡಮ್ಮು," ಎಂದು ವಿಜಯ್ ಕುಮಾರ್ ಪೇಪರಿನಿಂದ ತಲೆಯೆತ್ತದೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಮೊದಮೊದಲು ಕ್ಯಾಮೆರಾವನ್ನೇ ತಂದು ಅವನ ಮುಂದೆ ಹಿಡಿದು "ನೋಡಿ ಇಲ್ಲಿ" ಅನ್ನುತ್ತಿದ್ದಳು. ಎಷ್ಟೋ ವರ್ಷಗಳಿಂದ ಅನ್ನುತ್ತಿರಲಿಲ್ಲ.

ಅವನು ಆ ದಿನ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿಕೊಂಡು ಕುಳಿತ. ಯೂಟ್ಯೂಬಿನಲ್ಲಿ ನೋಡಿದ್ದು ಎಲ್ಲ ತಲೆಯಲ್ಲಿತ್ತು. ಬೋರ್ಡನ್ನು ಕ್ಯಾಬಿನೆಟ್ಟಿಗೆ ಕೂರಿಸಿದ, ಸ್ಕ್ರೂ ಬಿಗಿದ. ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಡಬ್ಬಿ, ಅದನ್ನೂ ಅದರ ಜಾಗಕ್ಕೆ ಸೇರಿಸಿದ. ಕೊನೆಗೆ ಹಳೆಯ ಕಂಪ್ಯೂಟರನ್ನು ಬಿಚ್ಚಿ ಅದರೊಳಗಿನ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದ. ಸುಮಾಳ ಹಕ್ಕಿಗಳೆಲ್ಲ ಅದರಲ್ಲೇ ಇದ್ದವು. ಹೊಸ ಕಂಪ್ಯೂಟರು ಹಚ್ಚಿದ ತಕ್ಷಣ ಅವಳ ಚಿತ್ರಗಳೂ ಅಲ್ಲೇ ಕಾಣಿಸಬೇಕು, ಆಗ ಅವಳ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ ಅವನಿಗೆ.

ಹೊಸ ಸಪ್ಲೈ ಜೊತೆ ಬಂದ ಕೇಬಲ್ಲು ಡಿಸ್ಕ್ ಕೂರಿಸಿದ ಜಾಗದವರೆಗೆ ಎಟುಕಲಿಲ್ಲ. ಹಳೆಯ ಕಂಪ್ಯೂಟರಿನ ಕೇಬಲ್ಲು ಉದ್ದಕ್ಕಿತ್ತು. ಎರಡೂ ತುದಿ ನೋಡಿದ. ಪಿನ್ನುಗಳ ಸಂಖ್ಯೆ ಅಷ್ಟೇ, ಆಕಾರವೂ ಅದೇ. ಹೊಸ ಸಪ್ಲೈಗೆ ಅದು ಟಕ್ಕೆಂದು ಸರಿಯಾಗಿ ಕೂತಿತು.

ಗುಂಡಿ ಒತ್ತಿದ. ಫ್ಯಾನು ಒಂದು ಸಲ ಅಲುಗಾಡಿ ನಿಂತುಬಿಟ್ಟಿತು. ಮತ್ತೆ ಒತ್ತಿದ. ಮತ್ತೆ ಅದೇ.

ವಿಜಯ್ ಕುಮಾರ್ ಗಾಬರಿಯಾಗಲಿಲ್ಲ. ಹೊಸ ಯಂತ್ರ ಮೊದಲ ಸಲಕ್ಕೇ ಓಡಿದ್ದನ್ನು ಅವನು ಕಾರ್ಖಾನೆಯಲ್ಲೂ ಕಂಡಿದ್ದು ಕಡಿಮೆ. ಮೆಮೊರಿ ತೆಗೆದು ಒರೆಸಿ ಹಾಕಿದ, ಹಚ್ಚಿ ನೋಡಿದ. ಪ್ರೊಸೆಸರ್ ಬಿಚ್ಚಿ ಪಿನ್ನುಗಳನ್ನು ಟಾರ್ಚು ಬಿಟ್ಟು ಪರೀಕ್ಷಿಸಿದ, ಮತ್ತೆ ಕೂರಿಸಿ ಹಚ್ಚಿ ನೋಡಿದ. ಮುಂಭಾಗದ ಗುಂಡಿಯ ವೈರುಗಳನ್ನು ಅದಲುಬದಲು ಮಾಡಿದ. ಬೋರ್ಡು ಎಲ್ಲಾದರೂ ತಗಡಿಗೆ ತಾಗುತ್ತಿದೆಯೇ ಎಂದು ಪೂರ್ತಿ ಹೊರಗೆ ತೆಗೆದು ರಟ್ಟಿನ ಮೇಲಿಟ್ಟ. ಪ್ರತಿ ಸಲವೂ ಫ್ಯಾನು ಬೆಚ್ಚಿಬಿದ್ದಂತೆ ಒಮ್ಮೆ ಮಿಸುಕಿ ಸುಮ್ಮನಾಗುತ್ತಿತ್ತು. ಊಟದ ಹೊತ್ತು ಮೀರಿತು. ಅವನಿಗೆ ಹಸಿವಿನ ಅರಿವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಮಧ್ಯಾಹ್ನ ಅವನು ಬಹಳ ದಿನಗಳ ಮೇಲೆ ಖುಷಿಯಾಗಿದ್ದ. ಕೈಗೊಂದು ಕೆಲಸ ಸಿಕ್ಕಿತ್ತು.

ಡಿಸ್ಕಿನ ಕಡೆಗೆ ಮಾತ್ರ ಅವನ ಗಮನ ಹೋಗಲಿಲ್ಲ. ಹಿಂದಿನ ದಿನದವರೆಗೂ ಓಡುತ್ತಿದ್ದ ಸಾಮಾನು ಅದು. ಅನುಮಾನವೆಲ್ಲ ಹೊಸದರ ಮೇಲೆ.

ಸಂಜೆಯ ಹೊತ್ತಿಗೆ, ಉಳಿದದ್ದು ಅದೊಂದೇ ಎಂದು ಡಿಸ್ಕಿನ ಕೇಬಲ್ ಎಳೆದು ಗುಂಡಿ ಒತ್ತಿದ. ಫ್ಯಾನು ತಿರುಗಿತು. ತಿರುಗುತ್ತಲೇ ಇತ್ತು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ವಿಜಯ್ ಕುಮಾರ್ ಒಬ್ಬನೇ ಕೂತು ತೊಡೆ ತಟ್ಟಿಕೊಂಡ. ಆಮೇಲೆ ಕಂಪ್ಯೂಟರ್ ಆರಿಸಿ ಡಿಸ್ಕನ್ನು ಮತ್ತೆ ಸೇರಿಸಿದ. ಮತ್ತೆ ಫ್ಯಾನು ಮಿಸುಕಿ ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಮೋಟಾರಿನ ಕಾಯಿಲು ಸುಟ್ಟಾಗ ಬರುವಂಥದ್ದೇ.

ಅವನು ಪ್ಲಗ್ಗು ಕಿತ್ತ. ಡಿಸ್ಕನ್ನು ತಿರುಗಿಸಿ ನೋಡಿದ. ಹಸಿರು ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಕಲೆ. ಸಪ್ಲೈ ಜೊತೆ ಬಂದಿದ್ದ ಪುಟ್ಟ ಪುಸ್ತಕವನ್ನು ಆಗ ಬಿಡಿಸಿದ. ಬೇರೆ ಸಪ್ಲೈಯ ಕೇಬಲ್ ಬಳಸಕೂಡದು, ಪಿನ್ನುಗಳು ಒಂದೇ ತರಹ ಕಂಡರೂ ಒಳಗಿನ ವೈರುಗಳ ಕ್ರಮ ಬೇರೆ ಇರುತ್ತದೆ ಎಂದು ದಪ್ಪ ಅಕ್ಷರದಲ್ಲೇ ಬರೆದಿತ್ತು. ಐದು ವೋಲ್ಟು ಹೋಗಬೇಕಾದಲ್ಲಿ ಹನ್ನೆರಡು ಹೋಗಿತ್ತು. ಡಿಸ್ಕು ಸುಟ್ಟದ್ದರಿಂದಲೇ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ಪ್ರತಿ ಸಲ ಆರಿಹೋಗುತ್ತಿತ್ತು. ಹಾಗಾದರೆ ಬೆಳಗಿನಿಂದ ಗುಂಡಿ ಒತ್ತಿದ ಒಂದೊಂದು ಸಲವೂ ಅವನು ಅದನ್ನೇ ಮತ್ತೆ ಮತ್ತೆ ಸುಟ್ಟಿದ್ದ.

ಸುಮಾ ಒಂದು ಸಲ ಹೇಳಿದ್ದು ನೆನಪಾಯಿತು. "ಇದನ್ನ ಇನ್ನೊಂದ್ ಕಡೆ ಕಾಪಿ ಮಾಡಿಟ್ಕೋಬೇಕು ರೀ. ಎಲ್ಲಾ ಇದೊಂದರಲ್ಲೇ ಇದೆ. ಒಂದು ಡಿಸ್ಕ್ ತಂದ್ಕೊಡಿ." ಆಗ ಅವನು, "ನಿನ್ ಹಕ್ಕಿಗಳು ಎಲ್ಲಿಗೂ ಹಾರಿಹೋಗಲ್ಲ ಬಿಡು," ಎಂದಿದ್ದ.

ಅವಳು ಪ್ರವಾಸ ಮುಗಿಸಿ ಬಂದಾಗ ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಬ್ಯಾಗು ಇಳಿಸುವ ಮೊದಲೇ ಮೇಜಿನ ಮೇಲಿದ್ದ ಹೊಸ ಕಂಪ್ಯೂಟರ್ ಕಣ್ಣಿಗೆ ಬಿತ್ತು.

"ಏನ್ರೀ ಇದು? ಯಾವಾಗ ತಂದ್ರಿ?"

"ತಂದಿದ್ದಲ್ಲ. ಜೋಡಿಸಿದ್ದು."

"ನೀವೇ ಜೋಡಿಸಿದ್ರಾ? ನಂಗೋಸ್ಕರ?" ಅವಳ ದನಿಯಲ್ಲಿ ಇದ್ದ ಸಂತೋಷವನ್ನು ಕೆಡಿಸಲು ಅವನಿಗೆ ಮನಸ್ಸು ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇರಲಿ ಎಂದು ಆಸೆಯಾಯಿತು. ಆದರೆ ಅವಳು ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಸುಮಾ, ಹಳೇ ಡಿಸ್ಕು ಹೋಯ್ತು."

"ಹೋಯ್ತು ಅಂದ್ರೆ?"

"ಸುಟ್ಟೋಯ್ತು. ನಾನು ಬೇರೆ ಕೇಬಲ್ ಹಾಕ್ಬಿಟ್ಟೆ. ಗೊತ್ತಾಗ್ಲಿಲ್ಲ ನಂಗೆ."

ಅವಳು ಅವನನ್ನೇ ನೋಡಿದಳು. ಕೂಗಾಡುತ್ತಾಳೆ ಎಂದು ಅವನು ಸಿದ್ಧನಾಗಿದ್ದ. ಅವಳು ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದು, ಟವೆಲ್ಲನ್ನು ಕೈಯಲ್ಲೇ ಹಿಡಿದು ನಿಂತಳು.

"ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ರೀ."

"ನಿಂಗೆ ಹೇಳದೇ ಮಾಡಿದ್ರೆ ಖುಷಿಯಾಗತ್ತೆ ಅಂತ..."

"ಅದರಲ್ಲಿ ಏನೇನಿತ್ತು ಅಂತ ಗೊತ್ತಾ ನಿಮಗೆ?"

"ಹಕ್ಕಿಗಳು," ಎಂದ ವಿಜಯ್ ಕುಮಾರ್. ಅದರಾಚೆ ಹೇಳಲು ಅವನಿಗೆ ಏನೂ ಗೊತ್ತಿರಲಿಲ್ಲ.

ಆರ್.ಟಿ. ನಗರದಲ್ಲಿ ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವ ಒಂದು ಅಂಗಡಿಯಿದೆ ಎಂದು ಯಾರೋ ಹೇಳಿದರು. ಸುಮಾ ಬರಲಿಲ್ಲ. "ನೀವೇ ಹೋಗ್ಬನ್ನಿ," ಎಂದಳು. ಅಲ್ಲಿ ಐಮನ್ ಎನ್ನುವ ಯುವತಿ ಡಿಸ್ಕನ್ನು ದೀಪದ ಕೆಳಗೆ ಹಿಡಿದು ನೋಡಿ, "ಎಷ್ಟು ಸಲ ಆನ್ ಮಾಡಿದ್ರಿ ಅಂಕಲ್?" ಎಂದು ಕೇಳಿದಳು.

"ಬೆಳಗ್ಗೆಯಿಂದ ಸಂಜೆವರೆಗೂ ಮಾಡ್ತಾನೇ ಇದ್ದೆ."

ಅವಳು ಡಿಸ್ಕನ್ನು ಒಂದು ಕವರಿಗೆ ಹಾಕಿ ಮೇಲೆ ಅವನ ಹೆಸರು ಬರೆದಳು. ಇಟ್ಟು ಹೋಗಿ, ನೋಡೋಣ ಎಂದಳು. ಕೆಲವು ವಾರಗಳಾದ ಮೇಲೆ ಅವಳೇ ಫೋನ್ ಮಾಡಿ ಕರೆಸಿದಳು. "ಬೋರ್ಡ್ ಬದಲಾಯಿಸಿದ್ವಿ. ಒಳಗಡೆ ಓದೋ ಭಾಗನೂ ಹೋಗಿತ್ತು, ಅದನ್ನೂ ಬದಲಾಯಿಸಿ ನೋಡಿದ್ವಿ. ಏನೂ ಬರ್ತಿಲ್ಲ ಅಂಕಲ್, ಸಾರಿ. ಮೊದಲ್ನೇ ಸಲ ಆಫ್ ಆದಾಗ್ಲೇ ಬಿಟ್ಟಿದ್ರೆ ಬಹುಶಃ ಸಿಗೋದು." ಅವಳು ಅದನ್ನು ಬೈಯುವ ಹಾಗೆ ಹೇಳಲಿಲ್ಲ. ಹೆಬ್ಬಾಳದ ಫ್ಲೈಓವರಿನ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ವಿಜಯ್ ಕುಮಾರನಿಗೆ ಆ ಮಾತೊಂದೇ ಕಿವಿಯಲ್ಲಿತ್ತು.

ಸುಮಾ ಸುದ್ದಿ ಕೇಳಿ ತಲೆಯಾಡಿಸಿದಳು. ಅಡುಗೆ ಮಾಡಿದಳು, ಬಡಿಸಿದಳು, ಮಾತು ಬೇಕಾದಷ್ಟು ಆಡಿದಳು. ಕೆರೆಗೆ ಹೋಗುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು. ಬೆಳಿಗ್ಗೆ ಎಂದಿನ ಹೊತ್ತಿಗೇ ಏಳುವಳು, ಬಾಲ್ಕನಿಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುವಳು. ಹೊಸ ಕಂಪ್ಯೂಟರು ಗುಂಡಿ ಒತ್ತಿದ ಕೂಡಲೇ ಹಚ್ಚಿಕೊಳ್ಳುತ್ತಿತ್ತು. ಅದನ್ನು ಹಚ್ಚಲು ಅವಳಿಗೆ ಕೆಲಸವಿರಲಿಲ್ಲ.

ಅವಳ ಜೊತೆ ಶಾಲೆಯಲ್ಲಿ ಗಣಿತ ಹೇಳಿಕೊಡುವ ಸಬೀರಾ ಅಮೃತಹಳ್ಳಿಯಲ್ಲಿರುವವಳು. ಒಂದು ಭಾನುವಾರ ವಿಜಯ್ ಕುಮಾರ್ ಅವಳ ಮನೆಗೆ ಹೋದ. ಸುಮಾ ಯಾವತ್ತಾದರೂ ಚಿತ್ರಗಳನ್ನು ಕಳಿಸಿದ್ದಿದ್ದರೆ ಅವನ್ನಾದರೂ ಕೂಡಿಹಾಕಬಹುದು ಎನ್ನುವುದು ಅವನ ಯೋಚನೆ. ಫೋನು ಬದಲಾಯಿಸಿದಾಗ ಸುಮಾಳ ಹಳೆಯ ಮೆಸೇಜುಗಳೆಲ್ಲ ಹೋಗಿದ್ದವು. ಸಬೀರಾ ಟೀ ಕೊಟ್ಟು ತನ್ನ ಫೋನನ್ನು ಅವನ ಮುಂದೆ ಇಟ್ಟಳು.

ಅವನು ಬೆರಳಿನಿಂದ ಸರಿಸುತ್ತ ಹೋದ. ರೆಕ್ಕೆ ಬಿಚ್ಚಿ ಕೊಂಬೆಯ ಮೇಲೆ ಒಣಗಿಸಿಕೊಳ್ಳುತ್ತಿರುವ ಹಾವಕ್ಕಿ. ಮಂಜಿನಲ್ಲಿ ಸಾಲಾಗಿ ಕೂತ, ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಗಳು. ಮೀನನ್ನು ಗಾಳಿಗೆ ಚಿಮ್ಮಿ ಬಾಯಿ ತೆರೆದ ಮಿಂಚುಳ್ಳಿ, ಮೀನಿನ ಮೈಯಿಂದ ಹಾರಿದ ಹನಿಗಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಇದನ್ನು ತೆಗೆಯಲು ಎಷ್ಟು ಹೊತ್ತು ಅಲ್ಲಾಡದೆ ಕೂತಿರಬೇಕು ಎಂದು ಅವನಿಗೆ ಆಶ್ಚರ್ಯವಾಯಿತು. ಕೆಲಸದ ಅಚ್ಚುಕಟ್ಟು ಎಂದರೆ ಏನೆಂದು ಬಲ್ಲವನು ಅವನು.

"ಇಷ್ಟು ಚೆನ್ನಾಗಿ ತೆಗೀತಾಳಾ?" ಎಂದ, ತನಗೇ ಹೇಳಿಕೊಳ್ಳುವಂತೆ.

ಸಬೀರಾ ಅವನನ್ನು ವಿಚಿತ್ರವಾಗಿ ನೋಡಿದಳು. "ನಿಮಗೆ ಗೊತ್ತಿಲ್ವಾ ಅಣ್ಣ? ನಮಗಿಂತ ಮುಂಚೆ ನಿಮಗೇ ಕಳಿಸ್ತೀನಿ ಅಂತ ಸುಮಾ ಮೇಡಮ್ ಹೇಳ್ತಿದ್ರಲ್ಲ. 'ಫ್ಯಾಕ್ಟ್ರೀಲಿ ಟೀ ಟೈಮಲ್ಲಿ ನೋಡ್ತಾರೆ' ಅಂತ."

ಅವಳು ಹೇಳಿದ್ದು ನಿಜವಾಗಿತ್ತು. ಅವನು ಮನೆಗೆ ಹೋಗುವವರೆಗೂ ತಡೆಯದೆ ಅವರ ಮನೆಯ ಗೇಟಿನ ಹೊರಗೇ ಸ್ಕೂಟರಿಗೆ ಒರಗಿ ತನ್ನ ಫೋನು ತೆಗೆದ. ಸುಮಾ ಎನ್ನುವ ಹೆಸರಿನ ಕೆಳಗೆ ಹಾಲು ತನ್ನಿ, ಗ್ಯಾಸ್ ಬಂತಾ, ಲೇಟಾಗತ್ತೆ ಇವುಗಳ ನಡುವೆ, ಹಿಂದೆ ಹಿಂದೆ ಹೋದ ಹಾಗೆ, ಮಸುಕು ಮಸುಕಾದ ಚೌಕಗಳು. ಹಸಿರು, ಬೂದು, ನೀಲಿ ಬಣ್ಣ ಕದಡಿದಂತೆ ಕಾಣುವ ಚೌಕಗಳು. ಒಂದೊಂದರ ಮೇಲೂ ಕೆಳಮುಖದ ಬಾಣ. ಫೋನು ತುಂಬಿಹೋಗುತ್ತದೆ ಎಂದು ಅವನು ಯಾವ ಚಿತ್ರವೂ ತಾನಾಗಿ ಇಳಿಯದಂತೆ ಮಾಡಿಟ್ಟಿದ್ದ. ಒತ್ತಿದರೆ ನೋಡಬಹುದಿತ್ತು. ಒಂದನ್ನೂ ಒತ್ತಿರಲಿಲ್ಲ. ಕೆಲವಕ್ಕೆ ಎತ್ತಿದ ಹೆಬ್ಬೆರಳಿನ ಚಿಹ್ನೆಯೊಂದನ್ನು ಕಳಿಸಿದ್ದ, ನೋಡಿದವನ ಹಾಗೆ.

ಈಗ ಒತ್ತಿದ. ಚಿತ್ರ ಈಗ ಲಭ್ಯವಿಲ್ಲ, ಕಳಿಸಿದವರನ್ನೇ ಮತ್ತೆ ಕಳಿಸಲು ಕೇಳಿ ಎಂದು ಫೋನು ಹೇಳಿತು. ಇನ್ನೊಂದನ್ನು ಒತ್ತಿದ. ಅದಕ್ಕೂ ಅದೇ ಉತ್ತರ. ಬಿಸಿಲು ನೆತ್ತಿಗೆ ಬರುತ್ತಿತ್ತು. ಸಬೀರಾ ಬಾಗಿಲಿಗೆ ಬಂದು, "ಏನಾದ್ರೂ ಮರೆತ್ರಾ ಅಣ್ಣ?" ಎಂದು ಕೇಳಿದಾಗ ಅವನು ಇಲ್ಲ ಎಂದು ತಲೆಯಾಡಿಸಿ ಸ್ಕೂಟರ್ ಹತ್ತಿದ.

ಸಬೀರಾ ತನ್ನಲ್ಲಿದ್ದದ್ದನ್ನೆಲ್ಲ ಕಳಿಸಿದಳು. ಶಾಲೆಯ ಬೇರೆ ಟೀಚರುಗಳಿಂದ, ಕೆರೆಯ ಬಳಿ ವಾಕಿಂಗ್ ಬರುವವರಿಂದ ಅವನು ಇನ್ನಷ್ಟು ಕೇಳಿ ಪಡೆದ. ಎಲ್ಲವೂ ಫೋನಿಗೆಂದು ಕುಗ್ಗಿಸಿದ ಸಣ್ಣ ಚಿತ್ರಗಳು. ದೊಡ್ಡದು ಮಾಡಿದರೆ ಒಡೆದುಹೋಗುವಂಥವು. ಅವನ್ನು ಹೊಸ ಕಂಪ್ಯೂಟರಿಗೆ ಹಾಕಿ, ಎರಡು ಕಡೆ ನಕಲು ಮಾಡಿ, ಆಮೇಲೆ ಸುಮಾಳನ್ನು ಕರೆದ.

ಅವಳು ಬಂದು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಒಂದೊಂದಾಗಿ ನೋಡಿದಳು. "ಇವೆಲ್ಲಾ ಸಬೀರಾಗೆ ಕಳಿಸಿದ್ದು," ಎಂದಳು.

"ನಂಗೂ ಕಳಿಸಿದ್ದೆ. ನಾನು ತೆಗೆದು ನೋಡಿರ್ಲಿಲ್ಲ ಸುಮಾ. ಒಂದೂ ನೋಡಿರ್ಲಿಲ್ಲ."

"ಗೊತ್ತು," ಎಂದಳು ಅವಳು. "ಅದಕ್ಕೇ ನಿಲ್ಲಿಸ್ದೆ ಕಳಿಸೋದು."

ಅವನಿಗೆ ಕ್ಷಮಿಸು ಎನ್ನಬೇಕೆನಿಸಿತು. ಡಿಸ್ಕಿಗಾಗಿ ಆ ಮಾತನ್ನು ಎಷ್ಟೋ ಸಲ ಹೇಳಿ ಆಗಿತ್ತು. ಇದಕ್ಕೆ ಅದೇ ಮಾತು ಸಾಲದು ಎಂದು ತೋರಿ ಮುಂದಿನ ಚಿತ್ರಕ್ಕೆ ಹೋದ. ಪರದೆಯ ಮೇಲೆ ಕಂದು ಬಣ್ಣದ ಒಂದು ಸಣ್ಣ ಹಕ್ಕಿ ನೀರಿನ ಮೇಲಿತ್ತು.

"ಇದ್ಯಾವುದು?"

"ಗುಳುಮುಳುಕ." ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. "ಇದು ಅಷ್ಟು ಚೆನ್ನಾಗಿಲ್ಲ. ಇನ್ನೊಂದಿತ್ತು. ತಾಯಿ ಬೆನ್ನ ಮೇಲೆ ಮರಿ ಕೂತಿದ್ದು. ಅದನ್ನ ಯಾರಿಗೂ ಕಳಿಸಿರ್ಲಿಲ್ಲ."

"ಹೇಗಿತ್ತು ಹೇಳು."

ಅವಳು ಹೇಳತೊಡಗಿದಳು. ಮರಿಯ ಮುಖದ ಮೇಲೆ ಪಟ್ಟೆಗಳಿದ್ದವಂತೆ. ತಾಯಿಯ ರೆಕ್ಕೆಯ ಸಂದಿಯಿಂದ ಅದು ತಲೆಯೊಂದನ್ನೇ ಹೊರಗೆ ಹಾಕಿತ್ತಂತೆ. ಬಿಸಿಲು ಇನ್ನೂ ಪೂರ್ತಿ ಬಿದ್ದಿರಲಿಲ್ಲವಂತೆ, ನೀರು ಒಂದು ಕಡೆ ಕಪ್ಪಗೆ, ಇನ್ನೊಂದು ಕಡೆ ಹಳದಿ. ಹೇಳುತ್ತ ಹೇಳುತ್ತ ಅವಳ ಕೈ ಗಾಳಿಯಲ್ಲಿ ಆ ಮರಿಯ ಗಾತ್ರ ತೋರಿಸಿತು. ವಿಜಯ್ ಕುಮಾರ್ ಕಣ್ಣು ಮುಚ್ಚಿ ಅದನ್ನು ಕಾಣಲು ಪ್ರಯತ್ನಿಸಿದ. ನೀರು ಕಂಡಿತು, ಬಿಸಿಲೂ ಕಂಡ ಹಾಗಾಯಿತು. ಹಕ್ಕಿ ಮಾತ್ರ ಏನು ಮಾಡಿದರೂ ಅವನಿಗೆ ಕಾಣಲಿಲ್ಲ. ಅದನ್ನು ಅವಳಿಗೆ ಹೇಳದೆ, ಅವನು ಕೇಳುತ್ತಲೇ ಕೂತ.